ಕಿವಿಗೋಲು

ರಾತ್ರಿ ಎರಡು ಗಂಟೆ. ಬಾಲ್ಡಕ್ ಊರಿನ ಬೀದಿಯಲ್ಲಿ
ಡೆನೀಸ್ ಪ್ರಿಗ್ಮೋರ್ ನೆಲಕ್ಕೆ ಕೋಲೂರಿ
ತುದಿಗೆ ಕಿವಿಗೊಟ್ಟು ನಿಂತಿದ್ದಾಳೆ.
ಬೀಚ್ ಮರದ ಕೋಲು, ಮೇಲೊಂದು ಪುಟ್ಟ ಬಟ್ಟಲು.
ಮೂವತ್ತೊಂದು ವರ್ಷ ಒಂದೇ ಕಿವಿ ಒತ್ತಿ ಒತ್ತಿ
ನುಣುಪಾಗಿದೆ, ಒನಕೆಯ ನಡುವಿನ ಹಾಗೆ.

ನಾನು ವ್ಯಾನಿನೊಳಗೆ. ತೊಡೆಯ ಮೇಲೆ ಲ್ಯಾಪ್‌ಟಾಪು.
ಕೊಳವೆಗೆ ಕಚ್ಚಿಕೊಂಡ ಸೆನ್ಸರುಗಳು
ಕೆಂಪು ಚುಕ್ಕೆ ಕಳಿಸುತ್ತವೆ, ಓದಿ ಹೇಳುವುದು ನನ್ನ ಕೆಲಸ:
ಇಲ್ಲೇ ಎಲ್ಲೋ.
"ಎಲ್ಲೋ ಅಂದರೆ ಅಗೆಯೋಕಾಗಲ್ಲ, ಮಗು."

ಏಪ್ರಿಲಿನಿಂದ ಮಳೆ ಬಂದದ್ದು ಎರಡೇ ಸಲ,
ಎರಡು ಸಲವೂ ಛತ್ರಿ ಬಿಚ್ಚುವಷ್ಟರಲ್ಲಿ ನಿಂತಿತು.
ಮಳೆಯನ್ನು ಬೈದುಕೊಂಡೇ ಬದುಕಿದ ಈ ದೇಶದಲ್ಲಿ
ತೋಟಕ್ಕೆ ಪೈಪು ಹಿಡಿದರೆ ಈಗ ದಂಡ.
ಮನೆಮನೆಗೆ ಕಾಗದ ಬಂದಿದೆ: ಸ್ನಾನ ನಾಲ್ಕು ನಿಮಿಷ.
ಕ್ರಿಕೆಟ್ ಮೈದಾನ ಗೋಣಿಚೀಲದ ಬಣ್ಣ.
ಊರಿನ ನೀರೆಲ್ಲ ಅಡಿಯ ಸೀಮೆಸುಣ್ಣದ ಬಂಡೆಯಲ್ಲಿ;
ಬೇಸಿಗೆಯ ಹನಿ ಬೇರಿಗೇ ಸಾಲದು,
ಬಂಡೆಗಿಳಿಯುವುದು ಚಳಿಗಾಲದ ಮಳೆ ಮಾತ್ರ.
ಎರಡು ಚಳಿಗಾಲ ಬಾಕಿ ಉಳಿಸಿಕೊಂಡೇ ಹೋದವು.

"ಬಾ, ಕೇಳು" ಎಂದು ಕೋಲು ಕೊಟ್ಟಳು.
ಮೊದಲು ಕೇಳಿದ್ದು ನನ್ನದೇ ನೆತ್ತರು.
ಆಮೇಲೆ ನೆಲದಡಿಯ ಊರು:
ಕಕ್ಕಸಿನ ತೊಟ್ಟಿ ತುಂಬುವ ಗೊರಗೊರ,
ನಿದ್ದೆ ಬಾರದ ಯಾರದೋ ಕೆಟಲಿಗೆ ಬಿದ್ದ ನೀರು,
ಹನ್ನೊಂದನೇ ನಂಬರಿನಲ್ಲಿ ಬಿಟ್ಟೂಬಿಡದ ಸಣ್ಣ ಸುಯ್ಯಲು...
"ಅದು ಸೋರಿಕೆಯಲ್ಲ. ಮಿಸ್ಟರ್ ಥರೋಗುಡ್.
ಕತ್ತಲಲ್ಲಿ ಗುಲಾಬಿಗೆ ನೀರು ಬಿಡುತ್ತಾರೆ,
ಹೆಂಡತಿ ನೆಟ್ಟುಹೋದ ಗಿಡ.
ನನಗೆ ಕೇಳಿಸಿಲ್ಲ. ನಿನಗೂ ಕೇಳಿಸಿಲ್ಲ."

ಕಂಪನಿಯ ಫಾರಮ್ಮಿನಲ್ಲಿ ಎಲ್ಲಕ್ಕೂ ಒಂದೇ ಪದ, ಲೀಕು.
ನನ್ನ ಕಿವಿ ಮಾತ್ರ ಅಜ್ಜಿಯ ಮೊರದ ಹಾಗೆ ಕೇರುತ್ತಿತ್ತು:
ಕೀಲಿನಲ್ಲಿ ತೊಟ್ಟಿಕ್ಕುವುದು,
ಬೆಸುಗೆಯಲ್ಲಿ ಜಿನುಗುವುದು,
ತುಕ್ಕು ತಿಂದ ಹಳೇ ಕಬ್ಬಿಣದಲ್ಲಿ ಒಸರುವುದು.
ಹನಿಗೂಡಿದರೆ ಹಳ್ಳ ಎಂದು ಕಲಿತವಳು,
ಹಳ್ಳವೊಂದು ಹನಿಹನಿಯಾಗಿ ಕಳೆದುಹೋಗುವ ಲೆಕ್ಕಕ್ಕೆ
ಸಂಬಳ ಪಡೆಯುತ್ತೇನೆ.

ಮೂರೂ ಇಪ್ಪತ್ತಕ್ಕೆ ಸಿಕ್ಕಿತು.
ಬೀದಿಯ ಕೊನೆ, ಗ್ಯಾರೇಜುಗಳ ಹಿಂದೆ.
ಟಾರ್ಚು ಬಿಟ್ಟರೆ
ಹಸಿರು.
ಇಡೀ ಊರಿಗೆ ಒಂದು ಚಾಪೆಯಗಲ ಹಸಿರು,
ನಡುವೆ ಅಂಗೈಯಷ್ಟು ನೀರು, ಅಂಚಿಗೆ ಕಾಡು ಪುದೀನ.
ಹೆಡ್ಜ್‌ಹಾಗೊಂದು ಮೂತಿಯಿಟ್ಟು ಕುಡಿಯುತ್ತಿತ್ತು,
ಬೆಳಕಿಗೆ ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿ
ಇವರಿಂದೇನು ಎಂಬಂತೆ ಮತ್ತೆ ಬಾಗಿತು.

ಐವೆಲ್ ಹೊಳೆ ಹುಟ್ಟುವ ಜಾಗ ಇಲ್ಲಿಗೆ ಹತ್ತಿರವೇ.
ಅಲ್ಲೀಗ ತುರಿಕೆ ಗಿಡ, ಬಿರಿದ ಕೆಸರು,
ಬಾತುಗಳಿಗೆ ಬ್ರೆಡ್ಡು ಹಾಕಬೇಡಿ ಎಂಬ ಹಲಗೆ.

ನಿಮಿಷಕ್ಕೆ ಒಂಬತ್ತು ಲೀಟರು ಎಂದಿತು ಪರದೆ.
ದಿನಕ್ಕೆ ಹದಿಮೂರು ಸಾವಿರ, ತೊಂಬತ್ತು ಜನರ ಪಾಲು.
ತಪ್ಪು ಹುಡುಕಿದೆ ಲೆಕ್ಕದಲ್ಲಿ. ಇರಲಿಲ್ಲ.
ಮನಸ್ಸು ಒರತೆ ಎಂದಿತು,
ಬೆರಳು ಲೀಕ್ ಎಂದು ಒತ್ತಿತು.

ಡೆನೀಸ್ ನೀಲಿ ಬಣ್ಣದ ಡಬ್ಬಿ ಅಲುಗಿಸಿದಳು,
ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು.
ಒಳಗಿನ ಗೋಲಿ ಕಟಕಟ ಅಂದು ಸುಮ್ಮನಾದ ಮೇಲೆ
ಡಾಂಬರಿನ ಮೇಲೊಂದು ಬಾಣ ಬರೆದಳು.
ಶುಕ್ರವಾರ ಅಗೆಯುವವರು ಬರುತ್ತಾರೆ.

"ಷರಾ ಕಾಲಮ್ಮಿನಲ್ಲಿ ಬರಿ," ಅಂದಳು ವ್ಯಾನು ಹತ್ತುತ್ತ,
"ಮುಚ್ಚಿದ ಮೇಲೆ ಇಲ್ಲಿ ದಿನಾ ಒಂದು ತಟ್ಟೆ ನೀರಿಡತಕ್ಕದ್ದು."
ಯಾರು ಇಡತಕ್ಕದ್ದು ಎಂದೆ.
"ಹನ್ನೊಂದನೇ ನಂಬರಿನವರು.
ಹೇಗೂ ಈ ಹೊತ್ತಿಗೆ ಎದ್ದಿರುತ್ತಾರೆ."